ಮಲ್ಲಿಗೆಯ ಮನೆಗೆ ಬಂದ ಮಲ್ಲಿಗೆ ಅತ್ತರು

ನಲವತ್ತೆರಡನೆಯ ವಯಸ್ಸಿನಲ್ಲಿ ನಾನೊಂದು ಮಹಾನಿರ್ಧಾರ ಕೈಗೊಂಡೆ: ಇನ್ನು ಮುಂದೆ ನಾನು ಪರಿಮಳಿಸತಕ್ಕವನು! ಲಿಗೋರಿ ಬರುವ ಮೊದಲು ಲಿಗೋರಿಯ ಸುವಾಸನೆ ಬರಬೇಕು. ಲಿಗೋರಿ ಎದ್ದು ಹೋದ ಮೇಲೂ ಅದು ಕುರ್ಚಿಯಲ್ಲಿ ಕೂತಿರಬೇಕು!

ಇದಕ್ಕೆ ಕಾರಣವಿತ್ತು. ಕಾಪುವಿನ ಹತ್ತಿರದ ನಮ್ಮ ಮನೆಯ ಸುತ್ತ ಮಲ್ಲಿಗೆ ಗಿಡಗಳು. ನೆಟ್ಟವಳು, ಸವರಿದವಳು, ಮೊಗ್ಗು ಕಿತ್ತು ಕಟ್ಟಿ ದಿನಾ ಬಸ್ಸಿನಲ್ಲಿ ಉಡುಪಿಗೆ ಕಳುಹಿಸುವವಳು ನನ್ನ ಹೆಂಡತಿ ವೆರೊನಿಕಾ. ನಾನು ಉಡುಪಿಯ ಹಂಚಿನ ಕಾರ್ಖಾನೆಯೊಂದರಲ್ಲಿ ಹಿರಿಯ ಗುಮಾಸ್ತ. ಆದರೆ ಊರಿನಲ್ಲಿ ನನ್ನ ಹೆಸರು ಲಿಗೋರಿಯೂ ಅಲ್ಲ, ಗುಮಾಸ್ತನೂ ಅಲ್ಲ, 'ಮಲ್ಲಿಗೆ ಬಾಯಿಯ ಗಂಡ'! ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಮರ್ಯಾದೆಗೆ ಬಾಯಿ ಎನ್ನುತ್ತಾರೆ. ಹನ್ನೆರಡು ವರ್ಷ ಬಾವಿಯಿಂದ ನೀರು ಸೇದಿ ಆ ಗಿಡಗಳಿಗೆ ಹೊಯ್ದವನು ನಾನು. ಮುಡಿಯುವ ಭಾಗ್ಯ ಮಾತ್ರ ಕಂಡವರ ಹೆಂಗಸರಿಗೆ. ಗಂಡಸು ಹೂವು ಮುಡಿಯುವಂತಿಲ್ಲ. ಪಾದ್ರಿಗಳೇ ಅಪ್ಪಣೆ ಕೊಟ್ಟರೂ ಸಿಕ್ಕಿಸಲು ನನ್ನ ತಲೆಯಲ್ಲಿ ಕೂದಲು ಬೇಕಲ್ಲ!

ಹಾಗಾಗಿ ಅರವತ್ತೆರಡನೆಯ ಇಸವಿಯ ಫೆಬ್ರವರಿ ತಿಂಗಳ ಒಂದು ಶನಿವಾರ, ಕಚೇರಿ ಬಿಟ್ಟವನು ನೇರವಾಗಿ ಇದಿನಬ್ಬ ಸಾಹೇಬರ ಅತ್ತರಿನ ಅಂಗಡಿಗೆ ಹೋದೆ.

"ನಿಮಗೆಂತಕ್ಕೆ ಮಲ್ಲಿಗೆ? ನಿಮ್ಮ ಅಂಗಳದಲ್ಲೇ ಉಂಟಲ್ಲ!" ಸಾಹೇಬರು ಆಶ್ಚರ್ಯಪಟ್ಟರು. "ಕೇದಗೆ ಕೊಡ್ಲಾ? ಸಂಪಿಗೆ ಆಗಬಹುದಾ?"

"ಮಲ್ಲಿಗೆಯೇ ಬೇಕು. ಅದೊಂದೇ ಹೂವು. ಬೇರೆ ಯಾವ ಬೆರಕೆಯೂ ಇರಬಾರದು!"

ಸಾಹೇಬರು ಗಾಜಿನ ಕಡ್ಡಿಯಿಂದ ತಮ್ಮ ಬಲ ಮಣಿಕಟ್ಟಿಗೆ ಒಂದು ಹನಿ ಮುಟ್ಟಿಸಿ ನನ್ನ ಮೂಗಿನ ಹತ್ತಿರ ತಂದರು. ಛಟ್ಟನೆ ಏರಿತು! ಎಳೆಯ ತೊಟ್ಟು ಮುರಿದಾಗ ಬರುವ ಹಸಿರು ಘಾಟು. ಆಮೇಲೆ ಎಡಗೈ ಚಾಚಿದರು. "ಇದು ಬೆಳಿಗ್ಗೆ ಏಳು ಗಂಟೆಗೆ ಹಚ್ಚಿದ್ದು. ಅದೇ ಎಣ್ಣೆ." ಆ ಕೈಯಲ್ಲಿ ಘಾಟಿನ ಸುಳಿವೇ ಇಲ್ಲ. ಬೆಚ್ಚಗೆ, ಮೆತ್ತಗೆ, ತುಸು ಜೇನಿನಂತೆ, ಇಡೀ ದಿನ ಯಾರದೋ ಜಡೆಯಲ್ಲಿದ್ದು ಆಗ ತಾನೇ ಬಿಚ್ಚಿಟ್ಟ ಹೂವಿನ ಪರಿಮಳ. ನನ್ನ ಕಣ್ಣು ತಾನಾಗಿ ಮುಚ್ಚಿತು.

"ನೋಡಿ, ಸುರುವಿಗೆ ಬೊಬ್ಬೆ ಹಾಕ್ತದೆ. ಸ್ವಲ್ಪ ಹೊತ್ತು ಬಿಟ್ಟು ಮಾತಾಡ್ತದೆ. ಸಂಜೆಗೆ ಗುಟ್ಟು ಹೇಳ್ತದೆ," ಎಂದರು ಸಾಹೇಬರು. "ಆದರೆ ಎಲ್ಲರ ಚರ್ಮ ಒಂದೇ ತರ ಅಲ್ಲ ಮಾರಾಯ್ರೆ. ಒಂದೇ ಹನಿ ಹಚ್ಚಿ, ಉಜ್ಜಬೇಡಿ, ಒಂದು ದಿನ ನೋಡಿ."

ಒಂದು ದಿನ ನೋಡಬೇಕಂತೆ! ಹಿರಿಯ ಗುಮಾಸ್ತನ ಚರ್ಮದ ಮೇಲೆ ಸಂದೇಹವೇ? ಬೆರಳಿನಷ್ಟು ಉದ್ದದ ಸೀಸೆಯನ್ನು ಕಿಸೆಗೆ ಇಳಿಸಿ ಬಸ್ಸು ಹತ್ತಿದೆ.

ಮರುದಿನ ಭಾನುವಾರ. ಸಂಜೆ ನಾಲ್ಕಕ್ಕೆ ನೆಂಟರ ಮಗುವಿನ ನಾಮಕರಣದ ಔತಣ. ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿದರೆ ಔತಣದ ಹೊತ್ತಿಗೆ ಗುಟ್ಟು ಹೇಳುವ ಹಂತಕ್ಕೆ ಬಂದೀತು ಎಂದು ಲೆಕ್ಕ ಹಾಕಿ, ಚರ್ಚಿನ ಪೂಜೆ ಮುಗಿಸಿ ಬಂದವನೇ ಬಾಗಿಲು ಹಾಕಿಕೊಂಡು ಮಣಿಕಟ್ಟಿಗೆ ಒಂದು ಹನಿ ಹಚ್ಚಿದೆ. ಮೂಸಿದೆ. ಏನೂ ವಿಶೇಷವಿಲ್ಲ! ಇನ್ನೊಂದು ಹನಿ. ಊಹೂಂ. ಮೋಸ ಹೋದೆನೇ? ಸಿಟ್ಟಿನಿಂದ ಅರ್ಧ ಸೀಸೆ ಅಂಗೈಗೆ ಸುರಿದು ಕೈಗೆ, ಕುತ್ತಿಗೆಗೆ, ಬೋಳು ತಲೆಗೆ ಗಸಗಸ ಉಜ್ಜಿದೆ.

ಮೂರು ಸಾವಿರ ಮಲ್ಲಿಗೆ ಮೊಗ್ಗು ರಾಶಿ ಹಾಕಿದ ಮನೆಯಲ್ಲಿ ಯಾವ ಮೂಗಿಗೂ ಮಲ್ಲಿಗೆಯ ವಾಸನೆ ಗೊತ್ತಾಗುವುದಿಲ್ಲ ಎಂಬ ಸರಳ ಸಂಗತಿ ಈ ಮಹಾಮೇಧಾವಿಗೆ ಹೊಳೆಯಲೇ ಇಲ್ಲ!

ಅಷ್ಟರಲ್ಲಿ ಚಾವಡಿಯಿಂದ ವೆರೊನಿಕಾಳ ಕೂಗು ಬಂತು. "ಕೇಳಿತಾ? ಲೊರ್ನಾಳಿಗೆ ಜ್ವರ ಅಂತೆ, ಹೂವು ಕಟ್ಟಲಿಕ್ಕೆ ಬರುವುದಿಲ್ಲ. ಉಡುಪಿಯಲ್ಲಿ ಇವತ್ತು ಸಂಜೆ ದೊಡ್ಡ ಮದುವೆ ಉಂಟು. ಮೂರು ಚೆಂಡು ನಾನು ಕಟ್ಟಿ ಆಯ್ತು. ನಾಲ್ಕನೆಯದಕ್ಕೆ ನೀವು ಕೂತುಕೊಳ್ಳಿ."

ಚೆಂಡು ಎಂದರೆ ಎಂಟುನೂರು ಹೂವಿನ ಮಾಲೆ. ಬಾಳೆನಾರು ಹಿಡಿದು ಕೂತೆ. ವೆರೊನಿಕಾ ನನ್ನ ಪಕ್ಕದಲ್ಲೇ ಇದ್ದಳು. ಒಮ್ಮೆಯೂ ಮೂಗು ಅರಳಿಸಲಿಲ್ಲ. ನಾಲ್ಕೂ ಚೆಂಡುಗಳನ್ನು ಒಂದೇ ಬಾಳೆಲೆಯಲ್ಲಿ ಸುತ್ತಿ ಹನ್ನೊಂದೂವರೆಯ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಬಂದೆ. ಅವನು ನನ್ನನ್ನು ಒಂದು ತರಹ ನೋಡಿದ. ಗೌರವ ಎಂದುಕೊಂಡೆ!

ಎರಡು ಗಂಟೆಗೆ ಅಂಗಳದಲ್ಲಿ ಉಡುಪಿಯ ಹೂವಿನ ವ್ಯಾಪಾರಿ ಕೂಸಪ್ಪ ನಿಂತಿದ್ದ. ಕೈಯಲ್ಲಿ ನಮ್ಮದೇ ಬಾಳೆಲೆಯ ಕಟ್ಟು.

"ಬಾಯಮ್ಮ, ಹನ್ನೆರಡು ವರ್ಷ ನಿಮ್ಮ ಎಲೆಯನ್ನು ನಾನು ಬಿಚ್ಚಿ ನೋಡಿದವನಲ್ಲ. ಇವತ್ತು ಬಿಚ್ಚುವ ಮೊದಲೇ ಅಂಗಡಿ ಇಡೀ ಘಮಘಮ! ನಿನ್ನೆಯ ಹೂವಿಗೆ ಅತ್ತರು ಚಿಮುಕಿಸಿ ಹೊಸತು ಅಂತ ಕೊಡುವವರು ಇದ್ದಾರೆ, ನನಗೆ ಗೊತ್ತುಂಟು. ಆದರೆ ನೀವು ಕೂಡಾ?"

ವೆರೊನಿಕಾಳ ಮುಖ ಬಿಳುಚಿತು. "ಎಂತ ಹೇಳ್ತೀರಿ ಕೂಸಪ್ಪಣ್ಣ? ಬೆಳಿಗ್ಗೆ ಐದಕ್ಕೆ ಎದ್ದು ಕಿತ್ತ ಮೊಗ್ಗು ಅದು!"

"ಮೂಸಿ ನೋಡಿ."

ಅಂಗಳದ ಗಾಳಿಯಲ್ಲಿ ಎಲೆ ಬಿಚ್ಚಿದಾಗ ಅವಳಿಗೂ ಗೊತ್ತಾಯಿತು. ನಾನು ಬಾಗಿಲ ಮರೆಗೆ ಸರಿದೆ. ಹೇಳಿಬಿಡು ಲಿಗೋರಿ ಎಂದಿತು ಮನಸ್ಸು. ಹೇಳಿದರೆ ಸಂಜೆಯೊಳಗೆ ಊರಿಡೀ ನಗುತ್ತದೆ ಎಂದಿತು ಮಾನ. ಮಾನವೇ ಗೆದ್ದಿತು. ನಾಚಿಕೆಗೇಡು, ಆದರೂ ಒಪ್ಪಿಕೊಳ್ಳುತ್ತೇನೆ.

"ಇನ್ನು ನಿಮ್ಮ ಹೂವು ನನಗೆ ಬೇಡ ಬಾಯಮ್ಮ. ಗಿರಾಕಿಗಳಿಗೆ ನಾನು ಮುಖ ತೋರಿಸಬೇಕಲ್ಲ," ಎಂದ ಕೂಸಪ್ಪ. ಅವನ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು.

ವೆರೊನಿಕಾ ಅಳುತ್ತಲೇ ಒಳಗೆ ಹೋಗಿ ಗೋಡೆಯ ಮೇಲಿನ ಶಿಲುಬೆಯನ್ನು ಇಳಿಸಿ ತಂದಳು. "ಇದನ್ನು ಮುಟ್ಟಿ ಹೇಳ್ತೇನೆ. ಈ ಮನೆಯೊಳಗೆ ಒಂದು ಹನಿ ಅತ್ತರು ಕೂಡಾ..."

"ಬೇಡ!" ಎಂದು ನಾನು ಹಾರಿ ಅವಳ ಕೈ ಹಿಡಿದೆ. "ಆಣೆ ಹಾಕಬೇಡ! ಅತ್ತರು ನನ್ನದು!"

ಹಚ್ಚಿದ್ದು ಅತ್ತರು, ಅದಕ್ಕಾಗಿ ಮನೆಯವರು ಅತ್ತರು! ಎಲ್ಲವನ್ನೂ ಹೇಳಿದೆ. ಸೀಸೆ, ಸಾಹೇಬರು, ಬೋಳು ತಲೆ, ಯಾವುದನ್ನೂ ಮುಚ್ಚಿಡಲಿಲ್ಲ. ಹೇಳಿ ಮುಗಿಸಿ, ಗಲ್ಲಿಗೆ ತಲೆಯೊಡ್ಡುವ ವೀರನಂತೆ ಕೂಸಪ್ಪನ ಮುಂದೆ ಕೈ ಚಾಚಿದೆ.

ಕೂಸಪ್ಪ ಬಗ್ಗಿ ಮೂಸಿದ. ಥಟ್ಟನೆ ಹಿಂದೆ ಸರಿದ. ಇನ್ನೊಮ್ಮೆ ಧೈರ್ಯ ಮಾಡಿ ಮೂಸಿದ.

"ಪೊರ್ಬುಗಳೇ," ಎಂದ, ನಮ್ಮ ಕ್ರೈಸ್ತರನ್ನು ಕರೆಯುವ ಮರ್ಯಾದೆಯ ಮಾತಿನಲ್ಲಿ. "ಹೆಂಡತಿಯನ್ನು ಉಳಿಸಲಿಕ್ಕೆ ನೀವು ಸುಳ್ಳು ಹೇಳುವುದು ಒಳ್ಳೆಯದೇ. ಆದರೆ ಇದು ಮಲ್ಲಿಗೆ ಅಲ್ಲ."

"ಅಲ್ವಾ? ಹಾಗಾದರೆ ಮತ್ತೆಂತ?"

"ನನ್ನ ಬಾಯಿಯಿಂದ ಹೇಳುವುದಿಲ್ಲ. ನೀವು ದೊಡ್ಡವರು."

ನೋಡಿ ನನ್ನ ಪಾಡು! ಸತ್ಯ ಹೇಳದೆ ಅಡಗಿದ್ದಾಗ ಕಳ್ಳನಲ್ಲ; ಸತ್ಯ ಹೇಳಿದಾಗ ಸುಳ್ಳುಗಾರ! ಓಡಿ ಹೋಗಿ ಸೀಸೆ ತಂದೆ. ಅರ್ಧದಷ್ಟು ಇನ್ನೂ ಉಳಿದಿತ್ತು. ಕೂಸಪ್ಪ ಮುಚ್ಚಳ ಮೂಸಿ, "ಸೀಸೆಯಲ್ಲಿ ಬರೇ ಘಾಟು. ಹೂವಿನ ಮೇಲಿದ್ದ ಪರಿಮಳ ಹೀಗಿಲ್ಲ," ಎಂದ.

"ಹೊತ್ತು ಹೋಗಬೇಕು ಮಾರಾಯ! ಮೈಯ ಮೇಲೆ ಹಣ್ಣಾಗಬೇಕು!"

"ನಿಮ್ಮ ಮೈಯ ಮೇಲೆ ಹಣ್ಣಾದದ್ದು ನೋಡಿದೆನಲ್ಲ."

ಕೊನೆಗೆ ವೆರೊನಿಕಾಳೇ ಕಣ್ಣು ಒರೆಸಿಕೊಂಡು ಮಣಿಕಟ್ಟು ಮುಂದೆ ಮಾಡಿದಳು. "ನನಗೆ ಹಚ್ಚಿ."

ಒಂದೇ ಹನಿ ಹಚ್ಚಿದೆ. ಈ ಸಲ ಉಜ್ಜಲಿಲ್ಲ. ಮೂವರೂ ಜಗಲಿಯಲ್ಲಿ ಕೂತು, ಹಾಲು ಉಕ್ಕುವುದನ್ನು ಕಾಯುವವರಂತೆ ಅವಳ ಕೈಯನ್ನೇ ದಿಟ್ಟಿಸಿದೆವು. ಕೂಸಪ್ಪ ಬಸ್ಸಿನ ಹೊತ್ತಾಯಿತೆಂದು ಎರಡು ಸಲ ಎದ್ದ. ಎರಡು ಸಲವೂ ನಾನು ಅವನ ಪಂಚೆ ಹಿಡಿದು ಕೂರಿಸಿದೆ. ಅರ್ಧ ಗಂಟೆ ಕಳೆದ ಮೇಲೆ ಅವನು ಬಗ್ಗಿ ಮೂಸಿದ. ಹಿಂದೆ ಸರಿಯಲಿಲ್ಲ. ಕಣ್ಣು ಮುಚ್ಚಿದ.

"ಇದೇ! ದೇವರಾಣೆ ಇದೇ! ಹೂವಿನ ಮೇಲಿದ್ದದ್ದು ಇದೇ ಪರಿಮಳ!"

ನಾನೂ ಮೂಸಿದೆ. ಘಾಟು ಇಳಿದು ಮೊಗ್ಗು ಮೆಲ್ಲಗೆ ಬಿರಿಯುತ್ತಿತ್ತು. ಸಾಹೇಬರ ಎಡಗೈಗಿಂತಲೂ ಚೆನ್ನಾಗಿತ್ತು, ಸತ್ಯವಾಗಿ.

ಅಷ್ಟರಲ್ಲಿ ಅಂಗಳದ ಗಾಳಿಗೆ ಹರಡಿದ್ದ ನಾಲ್ಕು ಚೆಂಡುಗಳಲ್ಲಿ ಮೂರರ ಅತ್ತರು ಹಾರಿ ಹೋಗಿ ಬರೀ ಹೂವು ಉಳಿದಿತ್ತು. ನಾಲ್ಕನೆಯದು ಇನ್ನೂ ಊರಿಗೆಲ್ಲ ಕೇಳುವಂತೆ ಬೊಬ್ಬೆ ಹಾಕುತ್ತಿತ್ತು. ಅದರ ವಕ್ರವಕ್ರ ಗಂಟುಗಳನ್ನು ನೋಡಿದರೆ ಕಟ್ಟಿದವನು ಯಾರೆಂದು ಕೇಳಬೇಕಾಗಿರಲಿಲ್ಲ.

"ಮೂರು ತಗೊಂಡು ಹೋಗ್ತೇನೆ ಬಾಯಮ್ಮ. ಇನ್ನೊಂದನ್ನು ಬೇರೆ ಕಡೆಯಿಂದ ಹೊಂದಿಸ್ತೇನೆ. ನನ್ನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

"ಹಚ್ಚಿಕೊಳ್ಳುವ ಕೆಲಸವನ್ನೆಲ್ಲ ಇವರೇ ಮಾಡಿದ್ದಾರಲ್ಲ!" ಎಂದಳು ವೆರೊನಿಕಾ. ಕೂಸಪ್ಪ ನಕ್ಕ. ಅವಳೂ ನಕ್ಕಳು. ಹನ್ನೆರಡು ವರ್ಷದ ಅವಳ ಹೆಸರು ಉಳಿದದ್ದಕ್ಕೆ ನಾನು ಒಳಗೊಳಗೇ ದೇವರಿಗೆ ಕೈಮುಗಿದೆ. ಕೂಸಪ್ಪ ಗೇಟು ದಾಟಿದ ಮೇಲೆ ಮೆಲ್ಲಗೆ ಕೇಳಿದೆ:

"ವೆರೊನಿಕಾ, ನನ್ನ ಮೈಯಲ್ಲಿ ನಿಜವಾಗಿ ಎಂತ ವಾಸನೆ ಬರ್ತದೆ?"

"ಬಿಸಿನೀರು ಕಾಯಿಸ್ತೇನೆ," ಎಂದಳು ಅವಳು, ಅಷ್ಟೇ.

ಔತಣಕ್ಕೆ ಅವಳೊಬ್ಬಳೇ ಹೋದಳು. ನಾನು ಕಡಲೆಹಿಟ್ಟು, ಸೀಗೆಪುಡಿ, ಬಟ್ಟೆ ತೊಳೆಯುವ ಸಾಬೂನು ಎಂದು ಮೂರು ಸಲ ಮಿಂದೆ. ಒಂದು ಹನಿಗೇ ಸಂಜೆಯವರೆಗೆ ಬಾಳುವ ಎಣ್ಣೆ. ಅರ್ಧ ಸೀಸೆ ಉಜ್ಜಿಕೊಂಡವನನ್ನು ಅಷ್ಟು ಬೇಗ ಬಿಟ್ಟು ಹೋದೀತೇ?

ಸೋಮವಾರ ಕಚೇರಿಯಲ್ಲಿ ತಲೆ ಎತ್ತದೆ ಕಡತದೊಳಗೆ ಮುಖ ಹುದುಗಿಸಿದ್ದೆ. ಹತ್ತು ಗಂಟೆಯ ಬಿಸಿಲು ಕಿಟಕಿಯಿಂದ ನನ್ನ ಬೆನ್ನಿಗೆ ಬಿತ್ತು. ಪಕ್ಕದ ಮೇಜಿನ ದಾಮೋದರ ರಾಯರು ಮೂಗು ಅರಳಿಸಿದರು. ಮೇಜಿನ ಕೆಳಗೆ ಬಗ್ಗಿ ನೋಡಿದರು. ನನ್ನ ಊಟದ ಚೀಲವನ್ನು ಕಾಲಿನಿಂದ ಮೆಲ್ಲಗೆ ಸರಿಸಿ ನೋಡಿದರು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಯಾರಿಗೂ ಕೇಳದ ಹಾಗೆ ಕಿವಿಯಲ್ಲಿ ಹೇಳಿದರು:

"ಲಿಗೋರಿಯವರೇ, ಫೆಬ್ರವರಿಯಲ್ಲೇ ಇಷ್ಟು ಹಣ್ಣಾದ ಹಲಸು ಎಲ್ಲಿ ಸಿಕ್ಕಿತು ಮಾರಾಯ್ರೆ? ಒಬ್ಬರೇ ಮುಗಿಸಬೇಡಿ, ನನಗೂ ಎರಡು ತೊಳೆ ಇಡಿ!"