ಹದಿಮೂರು ನಿಯಮದ ಆಟ

ದಮಯಂತಿಯ ಆಟಕ್ಕೆ ಇದ್ದದ್ದು ಹನ್ನೊಂದು ನಿಯಮ. ಪ್ರದರ್ಶನದ ದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅದು ಹದಿಮೂರಾಯಿತು.

ಅಮ್ಮತ್ತಿ ಹತ್ತಿರದ ಎಸ್ಟೇಟಿನ ಗುಮಾಸ್ತನನ್ನು ಎಲ್ಲರೂ ರೈಟರ್ ಎನ್ನುತ್ತಿದ್ದರು. ಅವನನ್ನು ಮದುವೆಯಾದ ಮೇಲೆ ದಮಯಂತಿ ಎಲ್ಲರ ಬಾಯಲ್ಲೂ ಬರೀ ‘ರೈಟರ ಹೆಂಡತಿ’ಯಾಗಿದ್ದಳು. ಮಹಿಳಾ ಸಮಾಜದ ಸ್ಪರ್ಧೆಯಲ್ಲಿ ಗೆದ್ದ ವಸ್ತು ಮಡಿಕೇರಿಯ ದೊಡ್ಡ ಪ್ರದರ್ಶನಕ್ಕೆ ಹೋಗುತ್ತದೆ, ಅದರ ಪಕ್ಕ ಮಾಡಿದವರ ಹೆಸರಿನ ಚೀಟಿ ಇಡುತ್ತಾರೆ ಎಂದು ಕೇಳಿದ ದಿನವೇ ಅವಳು ಗೋಣಿಬಟ್ಟೆಯ ಮೇಲೆ ಅರವತ್ತು ಚೌಕ ಬರೆದಳು. ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ಐದು ಚೌಕ ಮುಂದೆ, ಆನೆ ನುಗ್ಗಿದರೆ ಮೊದಲ ಚೌಕಕ್ಕೆ ವಾಪಸು. ಕವಡೆಯ ಬದಲು ಕಾಫಿಬೀಜ. ಚಪ್ಪಟೆ ಮುಖ ಮೇಲಾಗಿ ಬಿದ್ದಷ್ಟು ಹೆಜ್ಜೆ. ನಾಲ್ಕು ತಿಂಗಳು ಮಧ್ಯಾಹ್ನವೆಲ್ಲ ನಾಲ್ಕೂ ಕಡೆ ತಾನೇ ಕೂತು, ತನಗೆ ತಾನೇ ಮೋಸ ಮಾಡಿ ನೋಡಿ, ಸಿಕ್ಕಿದ ತೂತನ್ನೆಲ್ಲ ಮುಚ್ಚಿದ್ದಳು. ಇಂಥದ್ದೊಂದು ತನ್ನ ತಲೆಯಿಂದ ಬಂತಲ್ಲ ಎಂದು ಅನ್ನ ಬಸಿಯುವಾಗಲೂ ನಗು ಬರುತ್ತಿತ್ತು.

ಅಂದು ಬೆಳಿಗ್ಗೆ ಆಟ ನೋಡಲು ಮನೆಗೆ ಮೊದಲು ಬಂದವರು ಸಮಾಜದ ಹಿರಿಯರಾದ ಪೂವಮ್ಮ. ನಿಯಮಗಳನ್ನು ಓದುತ್ತಾ ಏಳನೆಯದರಲ್ಲಿ ನಿಂತರು. ಒಂದೇ ಚೌಕಕ್ಕೆ ಎರಡು ಕಾಯಿ ಬಂದರೆ ಮೊದಲು ಬಂದವರು ಮನೆಯವರು, ಆಮೇಲೆ ಬಂದವರು ನೆಂಟರು ಎಂದಿತ್ತು.

“ನೆಂಟರು ಕೂತಿರುವಾಗ ಮನೆಯವಳು ಎದ್ದು ಹೋಗೋದುಂಟಾ? ಅವರು ಹೊರಡುವ ತನಕ ಇವಳು ಕದಲಬಾರದು. ಬರಿ.”

ಬರೆದಳು. ಅವರು ಹೋದ ಮೇಲೆ ಪಕ್ಕದ ಮನೆಯ ಪ್ರೇಮಾವತಿ ಬಂದಳು, ಗಾಳಿಗೆ ಸಿಕ್ಕ ಕಿಟಕಿಯಂಥ ಬಾಯಿಯವಳು. ನೆಂಟರು ತಾವಾಗಿ ಎದ್ದರೆ ಮನೆಗೇ ಅವಮಾನ, ಮನೆಯವಳು ಮೊದಲು ಎದ್ದು ಗೇಟಿನ ತನಕ ಬಂದು ಕಳಿಸಬೇಕು ಎಂದು ಪಟ್ಟು ಹಿಡಿದಳು. ಅದನ್ನೂ ಬರೆದಳು. ಎರಡೂ ಮರ್ಯಾದೆಯ ಮಾತೇ. ಆಡಿ ನೋಡಲು ಹೊತ್ತಿರಲಿಲ್ಲ.

ಪ್ರದರ್ಶನದಲ್ಲಿ ತೀರ್ಪುಗಾರರು ಮೈಸೂರಿನ ಹೆಡ್‌ಮಿಸ್ಟ್ರೆಸ್ ವಿಶಾಲಾಕ್ಷಮ್ಮ. ಸ್ವೆಟರು, ಉಪ್ಪಿನಕಾಯಿಗಳನ್ನು ಆಮೇಲೆ ನೋಡುತ್ತೇನೆಂದು ದಮಯಂತಿಯ ಎದುರು ಆಡಲು ಕೂತರು. ಕಾಲು ಗಂಟೆಗೆ ಅವರ ಕಾಯಿ ದಮಯಂತಿಯ ಕಾಯಿ ಇದ್ದ ಚೌಕಕ್ಕೇ ಬಂತು.

“ಈಗ ನಾನು ಏಳಬಹುದೇನಮ್ಮ?”

“ನಾನೆದ್ದು ಕಳಿಸಿಕೊಡದೆ ಏಳುವ ಹಾಗಿಲ್ಲ.”

“ಸರಿ, ಕಳಿಸಿಕೊಡು.”

“ನೀವು ಹೊರಡದೆ ನಾನು ಏಳುವ ಹಾಗಿಲ್ಲ.”

ವಿಶಾಲಾಕ್ಷಮ್ಮ ನಿಯಮದ ಹಾಳೆಯನ್ನು ಎರಡು ಸಲ ಓದಿದರು. ನಿಯಮ ಅಂದ ಮೇಲೆ ನಿಯಮವೇ ಎಂದು ಅಲ್ಲೇ ಕೂತರು. ಕಾಫಿ ಬಂತು. ಇನ್ನೊಂದು ಸಲ ಬಂತು. ಉಪ್ಪಿನಕಾಯಿಯವರು ಮುಖ ಹುಳಿ ಮಾಡಿಕೊಂಡರು. ನಾಲ್ಕು ತಿಂಗಳ ಕೆಲಸ ಇಷ್ಟು ಜನರೆದುರು ಕೆಸರಲ್ಲಿ ಹೂತ ಗಾಡಿಯಂತೆ ನಿಂತಿತ್ತು. ಕೊನೆಗೆ ದಮಯಂತಿ ತಡೆಯಲಾರದೆ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು.

“ಕೊನೆಯ ಎರಡು ನಿಯಮ ನನ್ನದಲ್ಲ. ಒಂದು ಪೂವಮ್ಮನವರದ್ದು, ಒಂದು ಪ್ರೇಮಾವತಿಯದ್ದು.”

ವಿಶಾಲಾಕ್ಷಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನಿನ್ನೆ ನನ್ನ ನಾದಿನಿ ಮನೇಲಿ ಹೀಗೇ ಎರಡು ಗಂಟೆ ಸಿಕ್ಕಿಕೊಂಡಿದ್ದೆ ಕಣಮ್ಮ. ಹೆಂಗಸರ ಬಾಳನ್ನ ಇಷ್ಟು ಸರಿಯಾಗಿ ಹೇಳಿದ ಆಟ ನಾನು ನೋಡಿಲ್ಲ. ಆನೆ, ಮಳೆ ಯಾರು ಬೇಕಾದರೂ ಬರೀತಾರೆ. ಈ ಎರಡು ನಿಯಮಕ್ಕೇ ಮೊದಲ ಬಹುಮಾನ. ನೀನೇ ನಿಜ ಹೇಳಿದ್ದು ಒಳ್ಳೇದಾಯ್ತು.”

ಚೀಟಿಯಲ್ಲಿ ಎರಡು ಹೆಸರು ಬಿತ್ತು: ಪೂವಮ್ಮ, ಪ್ರೇಮಾವತಿ.

ಸಂಜೆ ಅವರಿಬ್ಬರೂ ಗೋಣಿಬಟ್ಟೆ ಎತ್ತಿಕೊಂಡು ದಮಯಂತಿಯ ಬಳಿಗೇ ಬಂದರು. ಪ್ರೇಮಾವತಿಯ ದನಿ ಎಂದಿಲ್ಲದಷ್ಟು ಸಣ್ಣದಾಗಿತ್ತು.

“ನಾಡಿದ್ದು ಮಡಿಕೇರಿಲಿ ನಾವೇ ಆಡಿ ತೋರಿಸ್ಬೇಕಂತೆ ಮಾರಾಯ್ತಿ. ಇದನ್ನ ಆಡೋದು ಹೇಗೆ?”

ದಮಯಂತಿ ಅವರಿಬ್ಬರ ಮುಖವನ್ನೂ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿ ಕೂತು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಒಂದನೇ ನಿಯಮದಿಂದ ಹೇಳಿಕೊಡಲು ಶುರುಮಾಡಿದಳು.