ನಳದ ನೀರಿಗೂ ಕಾಯದ ಸರ್ವರ್ ಸಾಹೇಬರಿಗೆ

ಮಾನ್ಯ ಸರ್ವರ್ ಸಾಹೇಬರೇ,

ನಮ್ಮ ಅಡುಗೆಮನೆಯ ಗೋಡೆಗೂಡಿನಲ್ಲಿ, ಹಳೆಯ ಲ್ಯಾಪ್‌ಟಾಪಿನೊಳಗೆ ಬಿಜಯಂಗೈದಿರುವ ತಮಗೆ ರಾಯಚೂರಿನ ಓಣಿಯೊಂದರಿಂದ ಸಾವಿರ ಶರಣು. ತಾವು ಕ್ಷೇಮವೆಂಬುದು ಒಳಗಿನ ಫ್ಯಾನಿನ ಸದ್ದಿನಿಂದಲೇ ತಿಳಿಯುತ್ತಿದೆ. ನಾವು ಕ್ಷೇಮವಾಗಿಲ್ಲ, ಅದನ್ನೇ ಅರಿಕೆ ಮಾಡಿಕೊಳ್ಳಲು ಈ ಪತ್ರ.

ತಮ್ಮನ್ನು ಪ್ರತಿಷ್ಠಾಪಿಸಿದ ಕಾರಣ ಊರವರಿಗೂ ತಿಳಿಯಲಿ. ನಮ್ಮ ನಳಕ್ಕೆ ನೀರು ಬರುವ ದಿನ ಗೊತ್ತು, ಹೊತ್ತು ಗೊತ್ತಿಲ್ಲ. ಬಂದರೆ ಅರ್ಧ ಗಂಟೆ, ಅಷ್ಟರೊಳಗೆ ಮೋಟಾರು ಹಚ್ಚಿ ಮಾಳಿಗೆಯ ಟಾಕಿ ತುಂಬಿಸಬೇಕು. ಆದ್ದರಿಂದ ನನ್ನ ಹೆಂಡತಿ ಮೌನೇಶ್ವರಿ ನೀರಿನ ದಿನ ಹೊಸ್ತಿಲು ದಾಟಿದವಳಲ್ಲ. ಮಾನ್ವಿಯಲ್ಲಿರುವ ಅವಳ ತಂಗಿ ಸಂಘಮಿತ್ರಾ ತನ್ನ ಮಗುವನ್ನು ತೊಟ್ಟಿಲಿಗೆ ಹಾಕುವ ದಿನವೂ ಸರಿಯಾಗಿ ನೀರಿನ ದಿನಕ್ಕೇ ಬಂದಾಗ, ಕಾಲೇಜಿನಲ್ಲಿ ಗಣಿತ ಹೇಳುವ ನಾನು ಎದೆ ತಟ್ಟಿಕೊಂಡು, "ನೀ ಹೋಗಿ ಬಾ, ಎಲ್ಲಾ ಸರ್ವರ್ ನೋಡ್ಕೊಂತದ" ಎಂದುಬಿಟ್ಟೆ. ನೀರು ಬಿಡುವ ಸೂಗಪ್ಪ ತನ್ನ ಫೋನಿನಲ್ಲಿ ಗುಂಡಿಯೊಂದನ್ನು ಒತ್ತಬೇಕು, ತಾವು ನನ್ನ ಫೋನಿಗೆ ಸುದ್ದಿ ಮುಟ್ಟಿಸಬೇಕು, ನಾನು ಬೈಕ್ ಹತ್ತಿ ಬಂದು ಮೋಟಾರು ಹಚ್ಚಬೇಕು. ಇಷ್ಟೇ ಕೆಲಸ.

ಇಷ್ಟಕ್ಕೆ ಸಾಧಾರಣ ಸರ್ವರ್ ಸಾಕಿತ್ತು. ಆದರೆ 'ರಿಯಾಕ್ಟಿವ್' ಎಂಬ ತಮ್ಮ ಘರಾಣೆಯ ಕೀರ್ತಿ ಓದಿ ನಾನು ಮರುಳಾದೆ. ತಾವು ಒಂದು ಕೆಲಸ ಮುಗಿಯಲೆಂದು ಕಾಯುತ್ತ ಕೂರುವವರಲ್ಲವಂತೆ, ಒಂದನ್ನು ಹಚ್ಚಿಟ್ಟು ಇನ್ನೊಂದಕ್ಕೆ ಹೋಗುವವರಂತೆ, ಸಾವಿರ ಜನ ಒಮ್ಮೆಲೇ ಬಂದರೂ ಎಲ್ಲರನ್ನೂ ಸಂಭಾಳಿಸುವವರಂತೆ. ಬಸ್ಸಿಗೆ, ಕರೆಂಟಿಗೆ, ನೀರಿಗೆ ಕಾದು ಕಾದು ಸವೆದ ನಮ್ಮಂಥವರ ಮನೆಯಲ್ಲಿ ಕಾಯದೇ ಬದುಕುವ ಜೀವ ಒಂದಾದರೂ ಇರಲಿ ಎಂಬ ಆಸೆ ಹುಟ್ಟಿದ್ದು ತಪ್ಪೇ? ಒಬ್ಬ ಸೂಗಪ್ಪನಿಗಾಗಿ ಸಾವಿರ ಜನರ ಸರ್ವರ್ ಕಟ್ಟಿದೆ.

ಅಂದು ಸೂಗಪ್ಪ ಗುಂಡಿ ಒತ್ತಿದ. ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಅವನಿಗೆ ಹಸಿರಕ್ಷರದಲ್ಲಿ "ಆಯಿತು" ಎಂದಿರಿ. ಆಮೇಲೆ ಏನೂ ಮಾಡಲಿಲ್ಲ. ನಾನು ಕಾಲೇಜಿನಲ್ಲಿ ಫೋನನ್ನೇ ದಿಟ್ಟಿಸುತ್ತ ಕುಳಿತಿದ್ದಾಗ ನೀರು ಬಂದು ಹೋಗಿಯೂ ಆಗಿತ್ತು. ಸಂಜೆ ಕೇಳಿದರೆ ಆ ಪುಣ್ಯಾತ್ಮ, "ಒತ್ತೀನ್ರಿ ಸರ್, ಆಯ್ತು ಅಂತ ಬಂತಲ್ರಿ, ನಿಮ್ ಮಿಷನ್ ಸುಳ್ಳ ಹೇಳ್ತದೇನ್ರಿ?" ಎಂದು ನನ್ನನ್ನೇ ಕೇಳಿದ. ಸುಳ್ಳೆಂದು ಹೇಗೆ ಹೇಳಲಿ? ತಮ್ಮ "ಆಯಿತು" ಎಂದರೆ ಗುಂಡಿ ಒತ್ತಿದ್ದು ತಮಗೆ ಮುಟ್ಟಿತು ಎಂದಷ್ಟೇ ಅರ್ಥ. ತಮ್ಮ ಪದ್ಧತಿಯಲ್ಲಿ ಕೆಲಸದ ಕ್ರಮವನ್ನೆಲ್ಲ ಬರೆದಿಟ್ಟರೂ, ಅದರ ಫಲ ತನಗೆ ಬೇಕೆಂದು ಒಬ್ಬನಾದರೂ ಹೆಸರು ಹಚ್ಚುವವರೆಗೆ ಕೆಲಸ ಶುರುವೇ ಆಗುವುದಿಲ್ಲವಂತೆ. ಆ 'ಸಬ್‌ಸ್ಕ್ರೈಬ್' ಎಂಬ ಒಂದು ಸಾಲನ್ನು ನಾನು ಪ್ರೋಗ್ರಾಮಿನಲ್ಲಿ ಬರೆದಿರಲಿಲ್ಲ. ಹೀಗಾಗಿ ನೀರಿನ ಸುದ್ದಿ ಯಾರಿಗೂ ಬೇಕಾಗಿಲ್ಲವೆಂದು ತಾವು ತಿಳಿದಿರಿ. ರಾಯಚೂರಿನಲ್ಲಿ, ಅದೂ ಮೇ ತಿಂಗಳಲ್ಲಿ!

ಮರುದಿನ ಮೌನೇಶ್ವರಿ ಹೋಳಿಗೆಯ ಡಬ್ಬಿ ಹಿಡಿದು ನಗುನಗುತ್ತ ಬಂದಳು, ಕಾಲು ತೊಳೆಯಲು ನಳ ತಿರುವಿದಳು, ಗಾಳಿ ಬಂತು. ಎರಡು ಕೊಡ ಹಿಡಿದು ಬಾಜು ಮನೆಯ ವಾಹಿದಾ ಆಪಾ ಅವರ ಬಾಗಿಲಿಗೆ ಹೋದಳು. ಮದುವೆಯಾದ ಮೇಲೆ ಅವಳು ನನ್ನ ಮಾತು ನಂಬಿ ಬಿಟ್ಟುಹೋದ ಮೊದಲ ನೀರಿನ ದಿನವೇ ಹೀಗಾಗಿತ್ತು. ನನಗೆ ಬಹಳ ನಾಚಿಕೆಯಾಯಿತು, ಸಾಹೇಬರೇ.

ಆದಕಾರಣ ತಾವು ದಯಮಾಡಿ ಗೂಡಿನಿಂದ ಇಳಿದು, ಮುಂದಿನ ಸಲ ಕೊಡ ಹಿಡಿದು ನಳದ ಮುಂದೆ ನಿಂತು, ಕಾಯುವುದೆಂದರೆ ಏನೆಂದು ಅರ್ಧ ದಿನದ ಮಟ್ಟಿಗಾದರೂ ಅನುಭವಿಸಬೇಕು. ಸಾಧ್ಯವಾದರೆ ದೇವದುರ್ಗದ ಬಸ್ಸು ಹಿಡಿದು, ಈಗಾಗಲೇ ಮಗಳಿಂದ ಎಲ್ಲ ಕೇಳಿರುವ ನನ್ನ ಅತ್ತೆ ಗೋಪಮ್ಮನವರ ಮನೆಗೆ ಹೋಗಿ, ತಪ್ಪು ಅಳಿಯನದಲ್ಲ, ಒಂದು ಸಾಲಿನದು ಎಂದು ಸಾಕ್ಷಿ ಹೇಳಿ ಬರಬೇಕು. ಅವರು ಯಾರ ಮಾತಿಗೂ ತಕ್ಷಣ "ಆಯಿತು" ಅನ್ನುವವರಲ್ಲ ಎಂಬುದು ತಮ್ಮ ಗಮನದಲ್ಲಿರಲಿ.

ಇಂತು, ಒಬ್ಬನಿಗಾಗಿ ಸಾವಿರ ಜನರ ಸರ್ವರ್ ಕಟ್ಟಿದ,
ತಮ್ಮ ವಿಶ್ವಾಸಿ,
ಗೌತಮ

ಮರೆತ ಮಾತು: ಆ ಸಾಲು ಬರೆದಾಗಿದೆ, ಈಗ ತಾವು ಸುದ್ದಿಯನ್ನು ತಪ್ಪದೆ ಮುಟ್ಟಿಸುತ್ತಿದ್ದೀರಿ. ಇದನ್ನು ಹಿಗ್ಗಿನಿಂದ ಹೇಳಿದರೆ ಮೌನೇಶ್ವರಿ ಚಪ್ಪಲಿ ಮೆಟ್ಟುತ್ತ, "ಅದು ಕೆಟ್ಟೇ ಅದ ಅಂತ ತಿಳ್ಕೋರಿ. ಇಷ್ಟು ವರ್ಷ ನಾ ಕುಂತೀನಿ, ಈಗ ನಿಮ್ಮ ಪಾಳಿ" ಎಂದು ಕೂಸನ್ನು ನೋಡಲು ಮಾನ್ವಿಗೆ ಹೊರಟುಹೋದಳು. ನಾನು ಕಾಲೇಜಿಗೆ ರಜೆ ಹಾಕಿ ಈ ಪತ್ರವನ್ನು ನಳದ ಮುಂದೆ ಕುಳಿತೇ ಬರೆಯುತ್ತಿದ್ದೇನೆ. "ನೀರು ಬಂದಿದೆ" ಎಂಬ ತಮ್ಮ ಸುದ್ದಿ ಈಗಷ್ಟೇ ಫೋನಿಗೆ ಬಂತು. ನನ್ನ ಕಾಲು ಆಗಲೇ ಒದ್ದೆಯಾಗಿತ್ತು.