ಕಾರ್ಖಾನೆಯ ತೋಟಾ ಮಹಾಶಯರ ಮೇಲೆ ಕೈಯಾರೆ ತೋಟಾ ತುಂಬುವವನೊಬ್ಬನ ದೂರು

ಮಾನ್ಯ ತೋಟಾ ಮಹಾಶಯರೇ,

ನೀಲಿ ರಟ್ಟಿನ ಪೆಟ್ಟಿಗೆಯೊಳಗೆ, ಒಬ್ಬೊಬ್ಬರಿಗೂ ಒಂದೊಂದು ಗೂಡಿನಂತೆ, ಪರಸ್ಪರ ಮೈ ತಾಗದಷ್ಟು ಅಂತರ ಕಾಯ್ದುಕೊಂಡು, ಕೊರೊನಾ ಎಂಬ ಹೆಸರು ಹುಟ್ಟುವ ಮೊದಲಿನಿಂದಲೇ ಸರ್ಕಾರದ ನಿಯಮಗಳನ್ನು ಚಾಚೂತಪ್ಪದೆ ಪಾಲಿಸಿಕೊಂಡು ಬಂದಿರುವ ತಮ್ಮ ಇಡೀ ಬಳಗಕ್ಕೆ ಕಾರ್ಕ್ ನಗರವಾಸಿ ಚಾಮರಾಜನ ಅನಂತಾನಂತ ನಮಸ್ಕಾರಗಳು. ತಮ್ಮ ಹಿತ್ತಾಳೆಯ ಮೈಬಣ್ಣ ಎಂದಿನಂತೆ ಹೊಳೆಯುತ್ತಿದೆಯೆಂದೂ, ತಮ್ಮೊಳಗಿನ ಬಂದೂಕಿನ ಮದ್ದು ತಂಡಿಗಾಳಿಗೆ ಸಿಕ್ಕದೆ ಬೆಚ್ಚಗಿದೆಯೆಂದೂ ನಂಬಿ ಈ ದೂರನ್ನು ಬರೆಯುತ್ತಿದ್ದೇನೆ.

ನನ್ನ ಪರಿಚಯವನ್ನು ಮೊದಲು ಹೇಳಿಕೊಳ್ಳುವುದು ಮರ್ಯಾದೆ. ಹುಟ್ಟೂರು ಮೈಸೂರು. ಹೊಟ್ಟೆಪಾಡು ಕಡಲಾಚೆಯ ಈ ಕಾರ್ಕ್ ನಗರದ ಪಕ್ಕದ ರಿಂಗಾಸ್ಕಿಡಿ ಎಂಬ ಊರಿನ ಒಂದು ಔಷಧಿ ಕಾರ್ಖಾನೆಯಲ್ಲಿ. ಅಲ್ಲಿ ನಾನು ಪುಡಿಯನ್ನು ತೂಗುತ್ತೇನೆ, ತೂಗಿದ್ದು ಸರಿಯೋ ಎಂದು ಮತ್ತೆ ತೂಗುತ್ತೇನೆ, ತೂಗುವ ತಕ್ಕಡಿ ಸರಿಯೋ ಎಂದು ತಕ್ಕಡಿಯನ್ನೇ ಪರೀಕ್ಷಿಸುತ್ತೇನೆ. ಇಂಥ ಮನುಷ್ಯ ಊರಾಚೆಯ ರೈಫಲ್ ಕ್ಲಬ್ಬಿಗೆ ಸೇರಿದರೆ ಏನಾಗಬೇಕೋ ಅದೇ ಆಯಿತು. ತಾವು ಹಾರಿಹೋದ ಮೇಲೆ ಬಿಟ್ಟುಹೋಗುವ ಖಾಲಿ ಕೊಳವೆಗಳನ್ನು ಆರಿಸಿ, ತೊಳೆದು, ಕ್ಲಬ್ಬಿನ ಪರವಾನಗಿ ಪಡೆದ ಕೋಣೆಯಲ್ಲಿ ಕಾರ್ಯದರ್ಶಿ ಫಿನ್‌ಬಾರ್ ಅವರ ಕಣ್ಣೆದುರಿಗೇ ಮದ್ದನ್ನು ಕಾಳುಕಾಳಾಗಿ ತೂಗಿ, ಹೊಸ ಗುಂಡು ಕೂರಿಸಿ, ನನ್ನದೇ ತೋಟಾಗಳನ್ನು ತಯಾರಿಸತೊಡಗಿದೆ. ಕಾರ್ಖಾನೆಯ ಮಾಲಿಗಿಂತ ಕೈಯಾರೆ ಮಾಡಿದ್ದು ಗುರಿಯಲ್ಲಿ ಮೇಲು ಎಂಬುದು ನನ್ನ ಸಿದ್ಧಾಂತ. ನನ್ನ ಹೆಂಡತಿ ಶರ್ಮಿಳಾ ಮಾತ್ರ "ನಮ್ ಮಗಳು ಹುಟ್ದಾಗ್ಲೂ ನೀವು ಇಷ್ಟ್ ಸಲ ತೂಕ ನೋಡ್ಲಿಲ್ಲ" ಎಂದು ಇಂದಿಗೂ ಆಡಿಕೊಳ್ಳುತ್ತಾಳೆ.

ಈಗ ದೂರಿನ ವಿಷಯಕ್ಕೆ ಬರುತ್ತೇನೆ. ಎರಡು ವರ್ಷ ಮನೆಯಿಂದ ಇಷ್ಟು ಕಿಲೋಮೀಟರ್ ದಾಟಬೇಡಿ, ಅಷ್ಟು ಜನ ಸೇರಬೇಡಿ ಎಂದು ಕಟ್ಟಿಹಾಕಿದ್ದ ಸರ್ಕಾರ ಕೊನೆಗೂ ಹಗ್ಗ ಸಡಿಲಿಸಿತು. ಗಾಲ್ವೇ ಕ್ಲಬ್ಬಿನವರ ಮೇಲೆ ನಮ್ಮ ಕ್ಲಬ್ಬಿನ ನಾಲ್ವರ ತಂಡದ ಪಂದ್ಯ ನಿಗದಿಯಾಯಿತು. ಮೂರು ಸ್ಥಾನ ಹಳಬರಿಗೆ ಹೋದವು. ಉಳಿದ ಒಂದಕ್ಕೆ ಇಬ್ಬರು: ಒಬ್ಬ ನಾನು, ಇನ್ನೊಬ್ಬ ನನ್ನ ಗೆಳೆಯ, ಮಂಗಳೂರಿನ ಆಲೋಶಿಯಸ್. ಇಬ್ಬರೂ ಕ್ಲಬ್ಬಿನ ಒಂದೇ ರೈಫಲ್‌ನಿಂದ, ಅವರವರ ತೋಟಾ ಹಾಕಿ ಹೊಡೆದು ತೀರ್ಮಾನಿಸಿಕೊಳ್ಳಿ ಎಂದರು ಫಿನ್‌ಬಾರ್. ಮುಚ್ಚುಮರೆ ಏಕೆ, ಆ ಸ್ಥಾನ ನನಗೆ ಬೇಕಿತ್ತು, ತುಂಬಾ ಬೇಕಿತ್ತು. ಅಡುಗೆಮನೆಯ ಮೇಜನ್ನೇ ಆಫೀಸೆಂದುಕೊಂಡು ಕೊಳೆತ ಮನುಷ್ಯನಿಗೆ ಒಂದು ಬಸ್ಸು ಹತ್ತಿ, ಕ್ಲಬ್ಬಿನ ಹಸಿರು ಜಾಕೆಟ್ಟು ತೊಟ್ಟು, ಬೇರೆ ಕೌಂಟಿಗೆ, ಅಂದರೆ ಬೇರೆ ಜಿಲ್ಲೆಗೆ, ಹೋಗಿ ಯಾರನ್ನಾದರೂ ಸೋಲಿಸಬೇಕೆನಿಸುವುದು ಸಹಜ. ಸಾಲದ್ದಕ್ಕೆ, ಮೂರು ತಿಂಗಳಿಗೆಂದು ಬಂದು ವಿಮಾನಗಳು ನಿಂತು ನಮ್ಮಲ್ಲೇ ಉಳಿದುಹೋದ ನನ್ನ ಅತ್ತೆ ಅಕ್ಕಮ್ಮನವರು ಅಳಿಯ ತಂಡಕ್ಕೆ ಆಯ್ಕೆಯಾದರೆಂದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಪ್ರಕಟಿಸಿಬಿಟ್ಟಿದ್ದರು.

ಆಲೋಶಿಯಸ್ ತಮ್ಮ ಪರಮ ಭಕ್ತ. ತೂಗುವುದೂ ಗೊತ್ತಿಲ್ಲ, ಅಳೆಯುವುದೂ ಗೊತ್ತಿಲ್ಲ. "ಎಂತ ಮಾರಾಯ, ಬಾಕ್ಸ್ ತೆಗಿಯುದು, ಹೊಡಿಯುದು, ಮನೆಗೆ ಹೋಗುದು" ಎನ್ನುವ ಆಸಾಮಿ. ಅವನು ತರಿಸಿದ್ದ ತೋಟಾಗಳು ಆ ವಾರ ಯಾವುದೋ ಬಂದರಿನಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಹೋಲಿಸಿ ನೋಡಲೆಂದು ನಾನು ಕೊಂಡಿಟ್ಟಿದ್ದ ತಮ್ಮದೊಂದು ಪೆಟ್ಟಿಗೆ ಮನೆಯಲ್ಲಿತ್ತು. ಅದನ್ನು ಅವನಿಗೆ ಕೊಡುತ್ತೇನೆಂದು ಮಾತು ಕೊಟ್ಟೆ. ಇದನ್ನು ಔದಾರ್ಯವೆಂದು ತಾವು ತಿಳಿಯಬಾರದು. ತಮ್ಮನ್ನು ಅವನ ಕೈಯಲ್ಲಿಟ್ಟು, ನನ್ನ ಕೈಕೆಲಸವನ್ನು ನನ್ನ ಕೈಯಲ್ಲಿಟ್ಟು, ತಮ್ಮನ್ನೂ ಅವನನ್ನೂ ಒಟ್ಟಿಗೆ ಮಣ್ಣುಮುಕ್ಕಿಸುವುದು ನನ್ನ ಉದ್ದೇಶವಾಗಿತ್ತು.

ನಮ್ಮಿಬ್ಬರ ಪಂದ್ಯಕ್ಕೆ ಎರಡು ದಿನ ಮೊದಲು ಆಯುಧಪೂಜೆ ಬಂತು. ಮೈಸೂರಿನವರ ಮನೆಯಲ್ಲಿ ಅಂದು ಏನೊಂದೂ ಪೂಜೆ ತಪ್ಪಿಸಿಕೊಳ್ಳುವಂತಿಲ್ಲ. ಕಾರು, ಮಿಕ್ಸಿ, ವ್ಯಾಕ್ಯೂಮ್ ಕ್ಲೀನರ್, ನನ್ನ ಲ್ಯಾಪ್‌ಟಾಪು, ಎಲ್ಲಕ್ಕೂ ಅರಿಶಿನ ಕುಂಕುಮ. ನಾನೇ ಕಪಾಟಿನ ಬೀಗ ತೆಗೆದು ನನ್ನ ರೈಫಲ್ಲು, ಪ್ಲಾಸ್ಟಿಕ್ ಟ್ರೇಯಲ್ಲಿದ್ದ ನನ್ನ ತೋಟಾಗಳು, ತಮ್ಮ ಪೆಟ್ಟಿಗೆ, ಮೂರನ್ನೂ ದೇವರ ಮುಂದಿಟ್ಟೆ. ಅಷ್ಟರಲ್ಲಿ ಆಫೀಸಿನ ಕರೆ ಬಂತು. ಅದೇ ಕೋಣೆಯ ಮೂಲೆಯಲ್ಲಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಗೋಡೆಗೆ ಮುಖ ಮಾಡಿ ಕುಳಿತೆ. ಕರೆ ಮುಗಿದಾಗ ಪೂಜೆಯೂ ಮುಗಿದಿತ್ತು. ಎಲ್ಲವನ್ನೂ ಹಾಗೆಯೇ ಎತ್ತಿ ಬೀಗ ಹಾಕಿದೆ.

ಶನಿವಾರ ಗುರಿಕಟ್ಟೆಯ ಮೇಲೆ ನಾನು ಟ್ರೇಯಿಂದ ಒಂದು ತೋಟಾ ಎತ್ತಿ ಬೆಳಕಿಗೆ ಹಿಡಿದು, ಕೈಯಾರೆ ಮಾಡಿದ್ದರ ಕಳೆಯೇ ಬೇರೆ ಎಂದು ಆಲೋಶಿಯಸ್‌ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಅವನು ನಾನು ಕೊಟ್ಟ ನೀಲಿ ಪೆಟ್ಟಿಗೆಯಿಂದ ಒಂದನ್ನು ತೆಗೆದು, ಬುಡದಲ್ಲಿ ಕೆಂಪಗೆ ಏನೋ ಇದೆಯಲ್ಲ ಎಂದು ಕೇಳಿದ. ತೇವ ಒಳಗಿಳಿಯದಿರಲೆಂದು ಕಾರ್ಖಾನೆಯವರು ಬಳಿಯುವ ಬಣ್ಣ ಅದು ಎಂದು ಬಲ್ಲವನಂತೆ ವಿವರಿಸಿದೆ. ಆಮೇಲೆ ಹೊಡೆದೆವು. ಅವನ ಹತ್ತೂ ಗುಂಡು ಒಂದು ನಾಣ್ಯದಡಿ ಮುಚ್ಚಿಹೋಗುವಷ್ಟು ಒತ್ತಾಗಿ ಬಿದ್ದವು. ನನ್ನವು ಒಂದು ದೊಡ್ಡ ನಿಪ್ಪಟ್ಟಿನಷ್ಟು ಜಾಗ ಕೇಳಿದವು. ಸ್ಥಾನ ಹೋಯಿತು. ಮನೆಗೆ ಬಂದು, ಇನ್ನು ತಕ್ಕಡಿಯನ್ನು ಮಾರಿಬಿಡುತ್ತೇನೆ ಎಂದು ಘೋಷಿಸಿ ಸೋಫಾದ ಮೇಲೆ ಬಿದ್ದುಕೊಂಡೆ.

ಆಗ ಅತ್ತೆ ಕಾಫಿ ತಂದಿಟ್ಟು, "ಪೂಜೆ ಮಾಡಿದ್ ಗುಂಡೇ ಹೊಡೆದ್ರಾ? ಆ ಒಳ್ಳೆ ಡಬ್ಬೀಲಿಟ್ಟಿದ್ನಲ್ಲ, ಅದು" ಎಂದರು. ಯಾವ ಡಬ್ಬಿ ಎಂದೆ. ಅಳಿಯಂದಿರು ಕೈಯಾರೆ ಮಾಡಿದ್ದು ಎಂಬ ಅಭಿಮಾನದಿಂದ ಅವರು ನನ್ನ ತೋಟಾ ಒಂದೊಂದಕ್ಕೂ ಕುಂಕುಮ ಇಟ್ಟಿದ್ದರಂತೆ. ನಾನು ಹೌಹಾರುತ್ತೇನೆಂದು ಶರ್ಮಿಳಾ ಎಚ್ಚರಿಸಿದ್ದರಿಂದ ಬಟ್ಟೆಯಲ್ಲಿ ಒರೆಸಿಯೂ ಇದ್ದರಂತೆ. ಪೂಜೆಯಾದದ್ದನ್ನು ಹಳೆಯ ಪ್ಲಾಸ್ಟಿಕ್ಕಿನಲ್ಲಿ ಇಡಬಾರದೆಂದು ತಮ್ಮನ್ನೆಲ್ಲ ಪೆಟ್ಟಿಗೆಯಿಂದೆಬ್ಬಿಸಿ ಟ್ರೇಗೆ ಕಳಿಸಿ, ಆ ನೀಲಿ ಅರಮನೆಯಲ್ಲಿ ನನ್ನವನ್ನು ಕೂರಿಸಿದ್ದರಂತೆ. ಕೊಳವೆ ತಮ್ಮದೇ, ಗುಂಡೂ ಅದೇ ಜಾತಿಯದು. ಗುರುತು ಸಿಗುವುದಾದರೂ ಹೇಗೆ? ಎಂದರೆ ಆಲೋಶಿಯಸ್ ಗೆದ್ದದ್ದು ನನ್ನ ಕೈಕೆಲಸದಿಂದ, ನಾನು ಸೋತದ್ದು ತಮ್ಮಿಂದ! ದುಃಖದ ನಡುವೆಯೂ ಎದ್ದು ಕುಣಿಯುವಷ್ಟು ಸಂತೋಷವಾಯಿತು.

ಮಹಾಶಯರೇ, ಯೋಚಿಸಿ ನೋಡಿ. ನನ್ನ ಟ್ರೇಯಲ್ಲಿ ಕುಳಿತು, ನನ್ನ ಹೊಗಳಿಕೆಯನ್ನು ನಾಚಿಕೆಯಿಲ್ಲದೆ ಕೇಳಿಸಿಕೊಂಡು, ನನ್ನ ಹೆಸರಿನಲ್ಲೇ ಹೊರಟು ದಿಕ್ಕಿಗೊಬ್ಬರಂತೆ ಹೋದಿರಲ್ಲ, ಇದು ಪಂದ್ಯಕ್ಕೆಂದೇ ತಯಾರಾದ ಮ್ಯಾಚ್ ದರ್ಜೆಯವರಿಗೆ ಒಪ್ಪುವ ನಡತೆಯೇ? ಆದರೂ ತಮ್ಮ ಗುಣವನ್ನು ಮೆಚ್ಚಲೇಬೇಕು. ಸಾವಿರ ತೋಟಾಗಳಿದ್ದರೂ ಒಂದೇ ತೂಕ, ಒಂದೇ ಮುಖ, ಒಂದೇ ಗತ್ತು. ನಮ್ಮ ಕಾರ್ಖಾನೆಯ ಮಾತ್ರೆಗಳೂ ತಮ್ಮಿಂದ ಶಿಸ್ತು ಕಲಿಯಬೇಕು.

ವಿಷಯ ತಿಳಿಸಿದಾಗ ಫಿನ್‌ಬಾರ್ ತೋಟಾ ಹೊರಗಿದ್ದಾಗ ಕಣ್ಣು ಎಲ್ಲಿರಬೇಕೆಂಬ ಪಾಠವನ್ನು ಶಾಲೆಯ ಮಕ್ಕಳಿಗೆ ಹೇಳುವಂತೆ ಹೇಳಿದರು. ಬೈಗುಳ ನ್ಯಾಯವಾದದ್ದೇ. ಕೊನೆಗೆ "ಗ್ರ್ಯಾಂಡ್" ಎಂದು, ಅಂದರೆ ಇಲ್ಲಿನವರ ಮಾತಿನಲ್ಲಿ ಸರಿ ಎಂದು, ಬರುವ ಶನಿವಾರ ಮರುಪಂದ್ಯ ಇಟ್ಟರು. ಆಲೋಶಿಯಸ್ ಗೆದ್ದ ಸ್ಥಾನವನ್ನು ಬಿಗಿಹಿಡಿದು ಕೂರಬಹುದಿತ್ತು. "ಅದರಲ್ಲಿ ಎಂತ ಉಂಟು, ಇನ್ನೊಮ್ಮೆ ಹೊಡಿಯುವ" ಎಂದು ನಕ್ಕ. ನನಗೆ ಅವನ ಮೇಲೆ ಪ್ರೀತಿ ಉಕ್ಕಿತು, ಸೋಲಿಸುವ ಆಸೆ ಮಾತ್ರ ಕಡಿಮೆಯಾಗಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಮ್ರ ಬೇಡಿಕೆಗಳಿವೆ. ಶನಿವಾರ ತಾವು ಆಲೋಶಿಯಸ್‌ನ ಕೈಗೆ ಹೋದಾಗ, ನನ್ನ ಕೈಯಲ್ಲಿ ತೋರಿದ ಆ ಸ್ವತಂತ್ರ ಮನೋಭಾವವನ್ನೇ ತೋರಬೇಕು. ತಮ್ಮಲ್ಲಿ ಇಬ್ಬರಿಗಾದರೂ ಕೆಮ್ಮು ಬಂದು ನಳಿಗೆಯಲ್ಲೇ ಸ್ವಲ್ಪ ಕ್ವಾರಂಟೈನ್ ಆಗಬಹುದು ಎಂದು ಬರೆಯಹೊರಟಿದ್ದೆ, ಆದರೆ ಅದು ಅಪಾಯವೆಂದು ನೆನಪಾಗಿ ಕೈಬಿಟ್ಟೆ. ಬದಲಿಗೆ ಒಬ್ಬರು ಎಡಕ್ಕಿರುವ ಕುರಿಗಳ ಹುಲ್ಲುಗಾವಲನ್ನು ಒಮ್ಮೆ ಮೆಚ್ಚುಗೆಯಿಂದ ನೋಡಿ ಮುಂದೆ ಸಾಗಿದರೂ ನನಗೆ ಸಾಕು. ಕೈಕೆಲಸಕ್ಕೆ ನ್ಯಾಯ ದೊರಕಿಸಿಕೊಡುವ ಈ ಪುಣ್ಯಕಾರ್ಯದಲ್ಲಿ ತಮ್ಮ ಸೋಲಿನ ಸಹಕಾರವನ್ನು ಕೋರುತ್ತ, ಉತ್ತರ ಬರೆಯಲು ತಮಗೆ ಕೈಯಿಲ್ಲವೆಂಬುದನ್ನು ಕ್ಷಮಿಸುತ್ತ, ವಿರಮಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ, ತಮ್ಮ ಖಾಲಿ ಕೊಳವೆಗಳ ಹಾಲಿ ಪಾಲಕ,
ಚಾಮರಾಜ, ಕಾರ್ಕ್

ವಿ.ಸೂ.: ಪತ್ರ ಅಂಚೆಗೆ ಬೀಳುವ ಮೊದಲೇ ಶನಿವಾರ ಬಂದುಹೋಯಿತು. ತಾವು ಅವನ ಕೈಗೆ, ನನ್ನವು ನನ್ನ ಕೈಗೆ ಸರಿಯಾಗಿ ಸೇರಿದ್ದನ್ನು ಫಿನ್‌ಬಾರ್ ಸ್ವತಃ ಖಚಿತಪಡಿಸಿಕೊಂಡರು. ಆಲೋಶಿಯಸ್ಸೇ ಗೆದ್ದ, ಹೋದ ವಾರದಷ್ಟೇ ಅಂತರದಿಂದ. ಹೀಗಾಗಿ ತಮ್ಮ ಮೇಲಿನ ದೂರನ್ನು ಹಿಂದಕ್ಕೆ ಪಡೆದಿದ್ದೇನೆ. ಹಾಗೆಂದು ತಾವು ಬೀಗಬೇಕಾಗಿಲ್ಲ. ಮೊದಲ ವಾರ ಗೆದ್ದದ್ದು ನನ್ನ ಕೈಕೆಲಸವಲ್ಲ, ಎರಡನೆಯ ವಾರ ಗೆದ್ದದ್ದು ತಾವೂ ಅಲ್ಲ, ಎರಡು ಸಲವೂ ಗೆದ್ದದ್ದು ಆಲೋಶಿಯಸ್‌ನ ಬಲಗೈಯ ತೋರುಬೆರಳು. ಅದನ್ನು ತಯಾರಿಸುವ ಕಾರ್ಖಾನೆ ಯಾವುದೆಂದು ತಮಗೇನಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಒಂದು ಪೆಟ್ಟಿಗೆ ತರಿಸಿಕೊಳ್ಳುತ್ತೇನೆ.